ಹವಾ ಸೇಠರ ಫೋರ್ಕು

ಅವರನ್ನು ನಾನು ಮೊದಲ ಸಲ ನೋಡಿದ್ದು ಆಡು ಕುರಿ ತೂಗುವ ಕಾಟಾದ ಮೇಲೆ.

ಆಳಂದದ ಪಶು ಆಸ್ಪತ್ರೆಗೆ ನನಗೆ ಆಗಷ್ಟೇ ವರ್ಗವಾಗಿತ್ತು. ಬೆಳಿಗ್ಗೆ ಬೀಗ ತೆಗೆಸಿ ಕುರ್ಚಿಯ ಧೂಳು ಒರೆಸುತ್ತಿದ್ದೆ, ಅಂಗಳದಲ್ಲಿ ಜನ ನಗುವುದು ಕೇಳಿಸಿತು. ಹೊರಗೆ ಬಂದು ನೋಡಿದರೆ ಕಾಟಾದ ಸರಳುಗಳ ನಡುವೆ ಒಬ್ಬ ಭಾರೀ ಆಳು ನಿಂತಿದ್ದಾರೆ. ತಲೆಗೆ ಹೆಲ್ಮೆಟ್ಟು, ಎದೆಗೆ ಪ್ಲಾಸ್ಟಿಕ್ಕಿನ ಕವಚ, ಮಂಡಿಗೆ ಚಿಪ್ಪು, ಮಂಡಿಯವರೆಗೆ ಬೂಟು, ಬೆನ್ನಿಗೆ ನೀರಿನ ಚೀಲ. ಹಿಂದೆ ಹಿರೋಳ್ಳಿಯ ರೈತನೊಬ್ಬ ಹೋತದ ಹಗ್ಗ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಾನೆ.

ನನಗೆ ಸಿಟ್ಟು ಬೇಗ ಬರುತ್ತದೆ. "ಯಾರ್ರಿ ನೀವು? ಇದು ದನದ ದವಾಖಾನಿ," ಎಂದು ಗದರಿಸಿದೆ.

"ಗೊತ್ತದ ಡಾಕ್ಟರಬಾಯಿ. ಅದಕ್ಕ ಬಂದೀನ್ರಿ," ಎಂದು ಹೆಲ್ಮೆಟ್ಟಿನ ಒಳಗಿಂದ ಉತ್ತರ ಬಂತು. ನಮ್ಮ ಕಡೆ ಹೆಣ್ಣು ಡಾಕ್ಟರಿಗೆ ಡಾಕ್ಟರಬಾಯಿ ಎನ್ನುವುದು ವಾಡಿಕೆ. "ಮನಿ ಕಾಟಾದ ಮ್ಯಾಲ ಈ ಸಾಮಾನೆಲ್ಲ ಹಾಕ್ಕೊಂಡು ನಿಂತ್ರ ಅದು ಅಳ್ತದ. ಜರಾ ಮುಳ್ಳು ಎಲ್ಲಿ ನಿಂತದ ನೋಡಿ ಹೇಳ್ರಿ. ನನಗ ಹೊಟ್ಟಿ ಅಡ್ಡ ಬಂದು ಕಾಣವಲ್ದು."

ನೋಡಿ ಹೇಳಿದೆ. ಅವರು ಆ ಅಂಕಿಯನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡು, ಹೋತದವನಿಗೆ "ಬಾರಪಾ, ಈಗ ನಿಮ್ಮವನ ಪಾಳಿ," ಎಂದು ದಾರಿ ಬಿಟ್ಟು, ಕವಚವನ್ನು ಗಡಗಡ ಅಲ್ಲಾಡಿಸುತ್ತ ಹೊರಟುಹೋದರು. ಸಿಟ್ಟು ಎಲ್ಲಿ ಹೋಯಿತೋ, ಆ ದಿನವೆಲ್ಲ ಯಾವ ದನದ ಮುಂದೆ ಕುಳಿತರೂ ನಗು ಬರುತ್ತಿತ್ತು.

ಆ ಮನುಷ್ಯ ಈಗ ಇಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಅವರ ಹೆಂಡತಿ, "ಬರೀರಿ. ಆದ್ರ ಹೆಸರು ಹಾಕಬ್ಯಾಡ್ರಿ. ಅಂಗಡಿ ಜಾಹೀರಾತು ಮಾಡಿಸ್ಯಾಳ ಅಂತಾರ ಜನ," ಎಂದರು. ಹೆಸರು ಹಾಕುವುದಿಲ್ಲ. ಹಾಕಿದರೂ ಆಳಂದದಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತೋ ಕಾಣೆ. ಅವರು ಎಲ್ಲರ ಬಾಯಲ್ಲೂ ಹವಾ ಸೇಠ.

ವೃತ್ತಿಯಿಂದ ಬಟ್ಟೆ ವ್ಯಾಪಾರಿ. ಬಜಾರದಲ್ಲಿ ಅವರ ಅಪ್ಪನ ಕಾಲದ ಅಂಗಡಿ. ಬಿಳಿ ಗಾದಿಯ ಮೇಲೆ ದಿಂಬಿಗೆ ಒರಗಿ ಕುಳಿತು ಸೀರೆ, ಧೋತರ, ಮದುವೆಯ ಶೇರ್ವಾನಿ ತೋರಿಸುವುದು ವಾರವಿಡೀ ಕೆಲಸ. ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಉರ್ದುವಿನಲ್ಲಿ ಮುಗಿಸಿ, ಗಡಿಯಾಚೆಯಿಂದ ಬಂದ ಗಿರಾಕಿ ಕಂಡರೆ ಮೇಲೊಂದಿಷ್ಟು ಮರಾಠಿ ಉದುರಿಸುವ ಮಾತುಗಾರ. ಐತವಾರ, ಅಂದರೆ ರವಿವಾರ ಬಂತೆಂದರೆ ಬೈಕನ್ನು ಮೂರು ಗಾಲಿಯ ಟಂಟಂ ಗಾಡಿಗೆ ಏರಿಸಿ, ಸೇಠರು ಕವಚ ತೊಟ್ಟು, ತೊಗರಿ ಕೊಯ್ದ ಹೊಲಗಳಿಗೆ ಹೊರಡುತ್ತಿದ್ದರು. ಅದು ರಸ್ತೆಯ ಬೈಕಲ್ಲ. ನಂಬರ್ ಪ್ಲೇಟು, ದೀಪ, ಹಾರ್ನು ಯಾವುದೂ ಇಲ್ಲದ, ಮಣ್ಣಿನಲ್ಲಿ ಓಡಿಸಲೆಂದೇ ಮಾಡಿದ ಎತ್ತರದ ಬೈಕು. ಹೊಲದ ಒಡ್ಡು ಹತ್ತಿ ಹಾರುವುದು, ಹಳ್ಳದ ಉಸುಕಿನಲ್ಲಿ ಇಳಿಯುವುದು, ಇದೇ ಅವರ ಶೋಕಿ.

ಅರವತ್ತರ ಹತ್ತಿರ ಬಂದ ಮನುಷ್ಯ, ಆ ಗಾತ್ರ ಇಟ್ಟುಕೊಂಡು, ಇದೆಲ್ಲ ಯಾಕೆ ಎಂದು ನಾನೂ ಒಮ್ಮೆ ಕೇಳಿದ್ದೆ.

"ವಾರೆಲ್ಲ ಗಾದಿ ಮ್ಯಾಲ ಕುಂತೇ ಇರ್ತೇನಿ ಡಾಕ್ಟರಬಾಯಿ," ಎಂದರು. "ಐತವಾರ ಒಂದ್ ದಿನ ನೆಲಾ ಬಿಟ್ಟು ಒಂದ್ ಗೇಣು ಮ್ಯಾಲ ಹೋಗ್ತೇನಿ. ಅದನ್ನೂ ಬಿಡ ಅಂದ್ರ ಹ್ಯಾಂಗ್ರಿ? ನಾ ಏನು ಬಟ್ಟಿ ಗಂಟೇನು, ಇಟ್ಟಲ್ಲೇ ಇರಾಕ?"

ಇಲ್ಲಿ ಫೋರ್ಕಿನ ಮಾತು ಹೇಳಲೇಬೇಕು, ಇಲ್ಲದಿದ್ದರೆ ಸೇಠರು ಅರ್ಥವಾಗುವುದಿಲ್ಲ. ಬೈಕಿನ ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಉದ್ದನೆಯ ಎರಡು ಕೊಳವೆಗಳಿಗೆ ಫೋರ್ಕು ಎನ್ನುತ್ತಾರೆ. ಗಾಲಿ ತಗ್ಗಿಗೆ ಬಿದ್ದಾಗ ಕುಗ್ಗಿ, ಮತ್ತೆ ಮೇಲೆದ್ದು, ಪೆಟ್ಟು ಕೈಗೆ ಬಡಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ನಮ್ಮ ನಿಮ್ಮ ಬೈಕಿನಲ್ಲಿ ಆ ಕೊಳವೆಯ ಒಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಸೇಠರ ಬೈಕಿನಲ್ಲಿ ಸ್ಪ್ರಿಂಗ್ ಬದಲು ಬರೀ ಹವಾ, ಅಂದರೆ ಗಾಳಿ. ಕೊಳವೆಯ ತುದಿಗೊಂದು ವಾಲ್ವ್. ಮುಳ್ಳಿನ ಮೀಟರು ಇರುವ ಪುಟ್ಟ ಕೈಪಂಪನ್ನು ಅದಕ್ಕೆ ಸಿಕ್ಕಿಸಿ ಒತ್ತಿದರೆ ಒಳಗೆ ಹವಾ ತುಂಬುತ್ತದೆ. ಸವಾರ ಭಾರವಿದ್ದರೆ ಹೆಚ್ಚು, ಹಗುರವಿದ್ದರೆ ಕಡಿಮೆ. ಆ ದಿನ ಅವರು ನಮ್ಮ ಕಾಟಾ ಹತ್ತಿದ್ದು ಇದಕ್ಕೇ.

ಹುಟ್ಟಿನಿಂದಲೇ ಅವರು ಹವಾದ ಪಕ್ಷದವರಲ್ಲ. ಮೊದಲು ಅದೇ ಬೈಕಿಗೆ ಸ್ಪ್ರಿಂಗ್ ಫೋರ್ಕೇ ಇತ್ತು. ಒಮ್ಮೆ ಘತ್ತರಗಿ ಹತ್ತಿರದ ಹೊಲದಲ್ಲಿ, ಭಾಗ್ಯವಂತಿಯ ದರ್ಶನಕ್ಕೆ ಹೊರಟಿದ್ದ ಒಂದು ಟೆಂಪೋ ಜನ ಇಳಿದು ನಿಂತು ನೋಡುತ್ತಿದ್ದಾರೆ ಎಂಬ ಹುಮ್ಮಸ್ಸಿನಲ್ಲಿ ಸೇಠರು ದೊಡ್ಡ ಒಡ್ಡನ್ನೇ ಹಾರಿಸಿದರು. ಹಾರಿದ್ದು ಚೆನ್ನಾಗಿಯೇ ಇತ್ತಂತೆ. ಇಳಿದಾಗ ಆ ಸ್ಪ್ರಿಂಗ್ ಅವರ ಭಾರ ತಾಳದೆ ತಳದವರೆಗೂ ಕುಗ್ಗಿ ಠಣ್ ಎಂದಿತು, ಸೇಠರು ಹ್ಯಾಂಡಲ್ ಮೇಲಿಂದ ಎರೆಮಣ್ಣಿಗೆ ಬಂದರು. ಒಂದು ಕಡೆಯ ಹೆಗಲ ಎಲುಬು ಮುರಿಯಿತು. ದೇವಿಗೆ ಹೊರಟಿದ್ದ ಟೆಂಪೋ ಅವರನ್ನು ಹಾಕಿಕೊಂಡು ಅಫಜಲಪುರದ ದವಾಖಾನೆಗೆ ತಿರುಗಿತು. ದಾರಿಯುದ್ದಕ್ಕೂ ಹೆಣ್ಣುಮಕ್ಕಳು ನೀರು ಕುಡಿಸಿ, ಗಾಳಿ ಬೀಸಿ, "ಯಣ್ಣಾ, ಕಣ್ಣು ಮುಚ್ಚಬ್ಯಾಡ," ಎನ್ನುತ್ತಿದ್ದರಂತೆ. ಮರುವರ್ಷ ಆ ಟೆಂಪೋದವರ ಊರಿನ ಅಷ್ಟೂ ಮನೆಗೆ ಸೇಠರು ಒಂದೊಂದು ಕುಪ್ಪಸದ ಕಣ ಕಳಿಸಿದರು.

ದವಾಖಾನೆಗೆ ಬಂದ ಅವರ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಪಟ್ಟಿ ಕಟ್ಟಿದ ಮೇಲೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

"ಇನ್ನೊಮ್ಮೆ ಬಿದ್ರ ಗಾಡಿ ಮಾರೋದು. ಕಸಂ ತಿನ್ರಿ."

ಸೇಠರು ಪೆಟ್ಟಾಗದ ಕಡೆಯ ಕೈ ಎತ್ತಿ ಕಸಂ ತಿಂದರು, ಆಣೆ ಮಾಡಿದರು.

ಆ ತಾಯಿಯನ್ನು ನಾನು ಖಾಲಾ ಎನ್ನುತ್ತೇನೆ, ಅಂದರೆ ಚಿಕ್ಕಮ್ಮ. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಅಂಗಡಿಯಲ್ಲಿ ಸೀರೆಯ ಕಡೆ ಅವರದೇ ರಾಜ್ಯ. ಖಾಲಾ ಒಂದು ಮಾತು ಆಡಿದರೆಂದರೆ ಅದು ಮುಗಿದ ಮಾತು ಎಂದು ಗಿರಾಕಿಗಳಿಗೂ ಗೊತ್ತು, ಸೇಠರಿಗಂತೂ ಚೆನ್ನಾಗಿ ಗೊತ್ತು. ಇನ್ನೊಂದು ಸಲ ಬಿದ್ದರೆ ಐತವಾರಗಳು ಮುಗಿದವು. ಸವಾರಿ ಬಿಡಬಾರದು, ಬೀಳಲೂ ಬಾರದು. ಹೀಗಾಗಿ ಎಲುಬು ಕೂಡುವವರೆಗೆ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಹುಡುಕಿ ಹುಡುಕಿ, ತನ್ನ ತೂಕಕ್ಕೆ ತಾಳುವ ಸ್ಪ್ರಿಂಗ್ ಎಲ್ಲೂ ಸಿಗದೆ, ಕಡೆಗೆ ಪುಣೆಯಲ್ಲಿ ರೇಸು ಬಿಟ್ಟವರೊಬ್ಬರಿಂದ ಹವಾದ ಫೋರ್ಕು ತರಿಸಿದರು. ಸೋಲಾಪುರದ ಮಿಸ್ತ್ರಿಯೊಬ್ಬರು ಅದನ್ನು ಕೂಡಿಸಿಕೊಟ್ಟರು. ಅಲ್ಲಿಂದ ಸೇಠರು ಹವಾ ಸೇಠರಾದರು.

ನಾನು ಸ್ಪ್ರಿಂಗಿನ ಪಕ್ಷ. ಹಳ್ಳಿ ಹಳ್ಳಿ ತಿರುಗಲು ಕೊಂಡ ನನ್ನ ಎತ್ತರದ ಬೈಕು ಕೆಸರು, ಕಲ್ಲು, ಬಿಸಿಲು ಯಾವುದಕ್ಕೂ ಹೇಳಿದ ಮಾತು ಮೀರಿದ್ದಿಲ್ಲ. ಕಣ್ಣಿಗೆ ಕಾಣುವ ಕಬ್ಬಿಣವನ್ನು ಬಿಟ್ಟು ಕಾಣದ ಹವಾ ನಂಬುವುದು ನನ್ನ ಜಾಯಮಾನವಲ್ಲ. ಅಂಗಡಿಗೆ ಹೋದರೆ ಸಾಕು, ಸೀರೆ ನೋಡುವುದು ಬಿಟ್ಟು ನಮ್ಮ ಜಗಳ ಶುರು.

"ಸ್ಪ್ರಿಂಗ್ ಅಂದ್ರ ರೆಡಿಮೇಡ್ ಅಂಗಿ," ಎನ್ನುವರು ಸೇಠರು, ಟೇಪು ಕೊರಳಿಗೆ ಹಾಕಿಕೊಂಡು. "ಯಾವನೋ ಎಲ್ಲೋ ಕುಂತು ಒಂದ್ ಸೈಜಿಗೆ ಹೊಲದಾನ. ನಮಗ ಆದ್ರ ಆತು, ಇಲ್ಲಂದ್ರ ಇಲ್ಲ. ಹವಾ ಅಂದ್ರ ಅಳತಿ ಕೊಟ್ಟು ಹೊಲಿಸಿದ್ದು. ನನಗ ಬೇಕಾದಷ್ಟು, ನಿಮಗ ಬೇಕಾದಷ್ಟು. ಮ್ಯಾಲ ಹಗುರ ಬ್ಯಾರೆ."

"ಅಳತಿ ಕೊಟ್ಟು ಹೊಲಿಸಿದ ಅಂಗಿ ಮಧ್ಯಾಹ್ನ ಬಿಸಿಲಿಗೆ ಬಿಗಿ ಆಗಂಗಿಲ್ಲ ಸೇಠಜಿ," ಎನ್ನುತ್ತಿದ್ದೆ ನಾನು. ಹವಾ ಕಾದರೆ ಹಿಗ್ಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಸರಿಯಿದ್ದ ಫೋರ್ಕು ನಮ್ಮ ಕಲಬುರಗಿ ಕಡೆಯ ಬಿಸಿಲಿನಲ್ಲಿ ನಿಂತರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಫೋರ್ಕು ತಗ್ಗಿಗೆ ಕುಗ್ಗುವುದಿಲ್ಲ, ಸವಾರನನ್ನು ಎತ್ತಿ ಒಗೆಯುತ್ತದೆ. ಸೀಲು ಸ್ವಲ್ಪ ಸವೆದರೆ ಹವಾ ಮೆಲ್ಲಗೆ ಸೋರಿ ಮೆತ್ತಗಾಗುವುದು ಬೇರೆ. ಸ್ಪ್ರಿಂಗಿಗೆ ಈ ಯಾವ ನಖರಾ ಇಲ್ಲ.

"ನಖರಾ ಇಲ್ಲದ್ದು ಮನಿಯಾಗ ಏನದ ಹೇಳ್ರಿ?" ಎಂದು ಸೇಠರು ಸೀರೆಯ ಕಡೆ ಕಣ್ಣು ಹೊರಳಿಸುವರು. ಖಾಲಾ ಅತ್ತಲಿಂದ ಕೆಮ್ಮುವರು. ಆ ಕೆಮ್ಮಿಗೆ ನಮ್ಮ ವಾದ ಅಲ್ಲಿಗೆ ನಿಲ್ಲುವುದು.

ಈ ನಖರಾ ಸಂಭಾಳಿಸಲು ಸೇಠರು ಕಟ್ಟಿಕೊಂಡಿದ್ದ ನೇಮ ನೋಡುವಂಥದ್ದು. ಬೆಳಿಗ್ಗೆ ನಮಾಜು ಮುಗಿಸಿ ಬಂದವರೇ ಹಿತ್ತಲ ಪತ್ರಾಸಿನ, ಅಂದರೆ ತಗಡಿನ ಶೆಡ್ಡಿಗೆ ಹೋಗುವರು. ಮುಂದಿನ ಗಾಲಿ ನೆಲ ಮುಟ್ಟದಂತೆ ಬೈಕನ್ನು ಕಟ್ಟಿಗೆಯ ಸ್ಟೂಲಿನ ಮೇಲೆ ಏರಿಸಿಟ್ಟಿರುತ್ತಿದ್ದರು. ಪಂಪು ಸಿಕ್ಕಿಸಿ, ಮುಳ್ಳು ನೋಡಿ, ಕಡಿಮೆ ಇದ್ದರೆ ಒತ್ತಿ ತುಂಬಿ, ಆಮೇಲೆಯೇ ಚಹಾ. ಸವಾರಿ ಐತವಾರ ಮಾತ್ರ, ಹವಾ ನೋಡುವುದು ದಿನಾ. "ದಿನಾ ಯಾಕ್ರಿ?" ಎಂದರೆ, "ಐತವಾರ ಒಂದ್ ದಿನ ಮಾತಾಡ್ಸಿದ್ರ ಅದು ಮಾತು ಕೇಳ್ತದೇನು?" ಎನ್ನುವರು. ಬೇಸಿಗೆಯಲ್ಲಿ ಹೊಲಕ್ಕೆ ಹೋದಾಗ ಅಂಗಡಿಯ ಮಲ್ಮಲ್ ಬಟ್ಟೆ ನೀರಲ್ಲಿ ಅದ್ದಿ ಫೋರ್ಕಿಗೆ ಸುತ್ತಿಡುವರು, ಮಡಕೆಗೆ ಒದ್ದೆ ಅರಿವೆ ಸುತ್ತಿದ ಹಾಗೆ. ದಾರಿಹೋಕರು ನಿಂತು, "ಗಾಡಿಗಿ ಜ್ವರ ಬಂದಾವೇನ್ರಿ?" ಎಂದು ಕೇಳಿದರೆ ಸೇಠರು ನನ್ನ ಕಡೆ ಕೈ ಮಾಡಿ, "ಅದಕ್ಕ ಡಾಕ್ಟರಬಾಯಿನ ಕರಕೊಂಡು ಬಂದೀನಿ," ಎನ್ನುವರು.

ಐತವಾರದ ಸವಾರಿಗೆ ನನ್ನನ್ನು ಜೊತೆ ಮಾಡಿದ್ದು ಖಾಲಾ. "ದನದ ಡಾಕ್ಟರಾದ್ರೇನು, ಎಲುಬು ಎಲುಬೇ," ಎಂದಿದ್ದರು. ಗಂಡನ ಮೇಲೆ ಒಂದು ಕಣ್ಣು ಇಡಲಿ ಎಂಬುದು ಒಳಗಿನ ಉದ್ದೇಶ.

ತೂಕ ಸೇಠರಿಗೆ ಹುಚ್ಚೇ ಆಗಿತ್ತು. ಯಾರನ್ನು ಕಂಡರೂ ಮೊದಲ ಪ್ರಶ್ನೆ "ತೂಕ ಎಷ್ಟ್ರಿ?" ಶೇರ್ವಾನಿ ಹೊಲಿಸಲು ಬಂದ ಮದುಮಗನಿಗೆ, ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರಿಗೆ, ಯಾರಿಗೂ ಬಿಡುಗಡೆ ಇಲ್ಲ. ಉತ್ತರ ಕೇಳಿ, ಕಣ್ಣು ಅರ್ಧ ಮುಚ್ಚಿ, ಆ ಮನುಷ್ಯನಿಗೆ ಎಷ್ಟು ಹವಾ ಬೇಕೆಂದು ಲೆಕ್ಕ ಹಾಕುವರು. ಹೆಂಗಸರಿಗೆ ಮಾತ್ರ ಕೇಳುತ್ತಿರಲಿಲ್ಲ. ಖಾಲಾರ ಹುಕುಂ ಅದು. "ಹೆಂಗಸರಿಗಿ ತೂಕ ಕೇಳಿದ್ರ ಅಂಗಡಿ ಬಾಗಲಾ ಹಾಕಬೇಕಾಗ್ತದ," ಎಂದು ಎಚ್ಚರಿಕೆ ಕೊಟ್ಟಿದ್ದರು. ಅಷ್ಟು ವರ್ಷ ಜೊತೆಗೆ ಗಾಡಿ ಓಡಿಸಿದರೂ ನನ್ನ ತೂಕ ಸೇಠರು ಒಮ್ಮೆಯೂ ಕೇಳಲಿಲ್ಲ. ತಮ್ಮ ಬೈಕು ಒಂದು ಸಲ ಓಡಿಸಿ ನೋಡಿ ಎಂದು ಮಾತ್ರ ಹೇಳುತ್ತಲೇ ಇದ್ದರು. "ನಿಮ್ಮ ತೂಕದ ಹವಾ ಹಾಕಿದ್ರ ನನ್ನ ತೂಕ ಗೊತ್ತಾಗ್ತದಲ್ರಿ, ಒಲ್ಲೆ," ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ.

ಅವರ ತೂಕವಾದರೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ರಂಜಾನ್ ತಿಂಗಳು ಉಪವಾಸವಿದ್ದು ಇಳಿಯುವುದು, ಈದ್ ಆದ ಮೇಲೆ ದಾವತ್ತಿನ ಊಟಗಳಿಗೆ ಹೋಗಿ ಏರುವುದು. ಈದಿನ ಮರುದಿನ ನಮ್ಮ ಆಸ್ಪತ್ರೆಗೆ ಒಂದು ಕೈಯಲ್ಲಿ ಶೀರ್ ಖುರ್ಮಾದ ಡಬ್ಬಿ, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟು ಹಿಡಿದು ಹಾಜರಾಗುವರು. ಕಾಟಾದ ಮೇಲೆ ನಿಂತು, ಇಳಿದ ತೂಕ ಕೇಳಿ ಹಿಗ್ಗಿ, "ಈಗ ಜರಾ ಹವಾ ಇಳಿಸಬೇಕು. ಬಕ್ರೀದಿಗಿ ಮತ್ತ ಏರಸೋಣಂತ," ಎನ್ನುವರು. "ಸ್ಪ್ರಿಂಗ್ ಇದ್ದಿದ್ರ ರಂಜಾನಕ್ಕ ಒಂದು, ಬಕ್ರೀದಕ್ಕ ಒಂದು ಸ್ಪ್ರಿಂಗ್ ತರಬೇಕಿತ್ತಲ್ರಿ ಡಾಕ್ಟರಬಾಯಿ," ಎಂದು ನನ್ನನ್ನು ಕೆಣಕದೆ ಹೋದವರಲ್ಲ. ನಾನು ಡಬ್ಬಿ ತೆರೆದು ಶೀರ್ ಖುರ್ಮಾ ಕುಡಿಯತೊಡಗುತ್ತಿದ್ದೆ.

ಇನ್ನು ಜೇವರ್ಗಿಯ ಪ್ರಸಂಗ. ಅದನ್ನು ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ, ಹಿಂದೆಯೇ ನಗುವೂ ಬರುತ್ತದೆ.

ಜೇವರ್ಗಿ ಹತ್ತಿರ ತೊಗರಿ ರಾಶಿ ಮುಗಿದ ಹೊಲದಲ್ಲಿ ತರುಣರ ಸಂಘದವರು ಮಣ್ಣಿನ ರೇಸು ಇಟ್ಟಿದ್ದರು. ಶಿವರಾತ್ರಿ ಮುಗಿದಿತ್ತು, ಬಿಸಿಲು ಏರಿತ್ತು. ಭಾಗವಹಿಸುವವರಲ್ಲಿ ಎಲ್ಲರಿಗಿಂತ ಹಿರಿಯರು ಸೇಠರು ಎಂದು, ರೇಸಿಗೆ ಮೊದಲು ಅವರಿಗೆ ಸನ್ಮಾನ. ಸನ್ಮಾನ ಅಂದ ಮೇಲೆ ಹೆಂಡತಿ ಸಮೇತ ಬರಬೇಕು. ಹೀಗೆ ಖಾಲಾ ಮೊದಲ ಬಾರಿಗೆ ಗಂಡನ ಸವಾರಿ ನೋಡಲು ಬಂದರು. ಬುತ್ತಿಯ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತರು. ನನ್ನನ್ನು ಸಂಘದವರು ಔಷಧದ ಪೆಟ್ಟಿಗೆ ಕೊಟ್ಟು ಒಂದು ಮೇಜಿನ ಹಿಂದೆ ಕೂಡಿಸಿದರು. ಬರಬೇಕಾಗಿದ್ದ ಡಾಕ್ಟರು ಬಂದಿರಲಿಲ್ಲ. "ನಾನು ದನದ ಡಾಕ್ಟರ್ರಿ," ಎಂದರೆ, "ನಡೀತದ ಬಿಡ್ರಿ ಮೇಡಂ, ಎಲ್ಲಾರೂ ನಮ್ಮ ಹುಡುಗರೇ," ಎಂದರು.

ಸೇಠರು ಅಂದು ಮುಂಜಾನೆ ಆಳಂದದ ತಂಪಿನಲ್ಲಿ ಹವಾ ನೋಡಿ, ಮಲ್ಮಲ್ ಸುತ್ತಿ ಬೈಕು ತಂದಿದ್ದರು. ಬೈಕುಗಳನ್ನೆಲ್ಲ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿದಾಗ, ಫೋಟೋಕ್ಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಯಾರೋ ಆ ಒದ್ದೆ ಬಟ್ಟೆ ಬಿಚ್ಚಿದರು. ಅಲ್ಲಿಂದ ಭಾಷಣ ಶುರುವಾಯಿತು. ಮುಖ್ಯ ಅತಿಥಿಗಳು ತಡವಾಗಿ ಬಂದರು. ಬಂದವರು ಬೈಕಿನ ವಿಷಯ ಬಿಟ್ಟು ಉಳಿದೆಲ್ಲ ವಿಷಯ ಮಾತಾಡಿದರು. ಅವರಾದ ಮೇಲೆ ಇನ್ನೊಬ್ಬರು. ಆಮೇಲೆ ಸೇಠರಿಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋದವನಿಗಾಗಿ ಮತ್ತೊಮ್ಮೆ ಶಾಲು ಹೊದಿಸಿದರು. ಅಷ್ಟೂ ಹೊತ್ತು ಬೈಕು ಎರೆಮಣ್ಣಿನ ಮೇಲೆ ಉರಿಬಿಸಿಲಲ್ಲಿ ನಿಂತಿತ್ತು. ಉಳಿದವರದೆಲ್ಲ ಸ್ಪ್ರಿಂಗ್ ಫೋರ್ಕು, ಅವಕ್ಕೆ ಚಿಂತೆಯಿಲ್ಲ.

ಸನ್ಮಾನ ಮುಗಿದು ಸೇಠರು ಹೆಲ್ಮೆಟ್ಟು ಹಾಕಿ ಬೈಕು ಏರಿದರು. ಮುಂದಿನ ಬ್ರೇಕು ಹಿಡಿದು ಒಮ್ಮೆ ಕೆಳಗೆ ಒತ್ತಿದರು. ಒತ್ತಿದ್ದು ನನ್ನ ಮೇಜಿನವರೆಗೂ ಕಾಣಿಸಿತು, ಫೋರ್ಕು ಕುಗ್ಗಿದ್ದು ಮಾತ್ರ ಕಾಣಿಸಲಿಲ್ಲ. ನಾನು ಎದ್ದು ಓಡಿದೆ. ಒತ್ತಿ ನೋಡಿದರೆ ನೊಗದ ಹಾಗೆ ಗಟ್ಟಿ.

"ಸೇಠಜಿ, ಇಳೀರಿ. ಇದರ ಮ್ಯಾಲ ಹೋದ್ರ ಮೊದಲನೇ ಒಡ್ಡಿಗೇ ಒಗೀತದ."

"ಗೊತ್ತದ," ಎಂದರು. ಆ ದನಿಯಲ್ಲಿ ಎಂದಿನ ಠೀವಿ ಇರಲಿಲ್ಲ. "ಪಂಪು ಮನ್ಯಾಗ ಬಿಟ್ಟು ಬಂದೀನಿ. ರುಮಾಲು ಶಾಲು ಅನ್ನೂ ಗದ್ದಲದಾಗ ಮರ್ತೆ."

ಹವಾ ಬಿಡುವುದು ಕಷ್ಟವಲ್ಲ. ವಾಲ್ವಿನ ತುದಿ ಒತ್ತಿದರೆ ಹೋಗುತ್ತದೆ. ಎಷ್ಟು ಹೋಯಿತು ಎಂದು ಹೇಳಲು ಮೀಟರು ಬೇಕು, ಮೀಟರು ಇರುವುದು ಪಂಪಿನಲ್ಲಿ. ಹೆಚ್ಚು ಹೋದರೆ ಘತ್ತರಗಿಯ ಹಾಗೆ ತಳಕ್ಕೆ ಬಡಿಯುತ್ತದೆ, ಕಡಿಮೆ ಹೋದರೆ ಎತ್ತಿ ಒಗೆಯುತ್ತದೆ. ಎರಡರಲ್ಲಿ ಯಾವುದಾದರೂ ಬೈಕು ಮಾರಾಟಕ್ಕೆ. ಅದೂ ಕಸಂ ತಿನ್ನಿಸಿದವರ ಕಣ್ಣೆದುರಿಗೇ. ಇಳಿದು ಹಿಂದೆ ಸರಿದರೆ ಬೀಳುವ ಭಯವಿಲ್ಲ, ಆದರೆ ಈಗಷ್ಟೇ ಶಾಲು ಹೊದ್ದವರು ಹಾಗೆ ಸರಿಯುವುದು ಹೇಗೆ? ನಾವು ಹೀಗೆ ಒದ್ದಾಡುತ್ತಿರುವಾಗಲೇ ನಿಶಾನೆ ಬಿತ್ತು. ಅಕ್ಕಪಕ್ಕದ ಬೈಕುಗಳೆಲ್ಲ ಧೂಳೆಬ್ಬಿಸಿ ಹೋದವು. ಗೆರೆಯ ಮೇಲೆ ಉಳಿದದ್ದು ಸೇಠರೊಬ್ಬರೇ. ಮೈಕಿನವನು ಅವರ ಹೆಸರು ಹಿಡಿದು ಕೂಗತೊಡಗಿದ.

ಧೂಳು ಸ್ವಲ್ಪ ತಿಳಿಯಾದಾಗ ನೋಡುತ್ತೇನೆ, ಹಗ್ಗ ದಾಟಿ ಖಾಲಾ ಬರುತ್ತಿದ್ದಾರೆ. ಓಡುತ್ತಿಲ್ಲ, ಗಡಿಬಿಡಿ ಇಲ್ಲ. ಬಂದವರು ಬುತ್ತಿಯ ಚೀಲಕ್ಕೆ ಕೈ ಹಾಕಿ, ರೊಟ್ಟಿಯ ಗಂಟಿನ ಕೆಳಗಿಂದ ಪಂಪು ತೆಗೆದು ಗಂಡನ ಕೈಗೆ ಕೊಟ್ಟರು.

"ಚಾದ ಕಪ್ಪಿನ ಬಾಜೂ ಇಟ್ಟು ಮರ್ತು ಬಂದಿದ್ರಿ. ಹೇಳೋಣಂದ್ರ ನೀವು ಗಾಡಿ ಕೂಡ ಮುಂದ ಹೋದ್ರಿ, ನಾ ಬರೋದ್ರಾಗ ಸ್ಟೇಜಿನ ಮ್ಯಾಲ. ಮುಂಜಾನಿ ಎಷ್ಟಿತ್ತೋ ಅಷ್ಟಕ್ಕ ಇಳಸ್ರಿ, ಸಾಕು."

ಸೇಠರು ಪಂಪನ್ನೂ ಹೆಂಡತಿಯನ್ನೂ ಒಂದೆರಡು ಸಲ ನೋಡಿದರು. ಆಮೇಲೆ ನಾನೂ ಖಾಲಾರೂ ಸೇರಿ ಗಾಲಿ ಎತ್ತಿ ಹಿಡಿದೆವು, ಅವರು ಮುಳ್ಳು ನೋಡುತ್ತ ಹವಾ ಇಳಿಸಿದರು. ಉಳಿದವರು ಒಂದು ಸುತ್ತು ಮುಗಿಸಿ ಬರುವ ಹೊತ್ತಿಗೆ ಸೇಠರು ಹೊರಟರು. ಪ್ರತಿ ಒಡ್ಡಿಗೂ ನಾನು ಕಣ್ಣು ಮುಚ್ಚುತ್ತಿದ್ದೆ, ಖಾಲಾ ಮುಚ್ಚಲಿಲ್ಲ. ಎಲ್ಲರಿಗಿಂತ ಕೊನೆಗೆ, ಗೆದ್ದವರು ಬಹುಮಾನ ತೆಗೆದುಕೊಂಡು ಸೋಡಾ ಕುಡಿಯುತ್ತಿರುವಾಗ, ಮೈಕಿನವನ ಗಂಟಲು ಹರಿಯುವಂತೆ ಕೂಗಿಸಿಕೊಂಡು ಸೇಠರು ಬಂದು ತಲುಪಿದರು. ಬಿದ್ದಿರಲಿಲ್ಲ. ಬೈಕಿನಿಂದ ಇಳಿದವರೇ ಸನ್ಮಾನದ ಶಾಲನ್ನು ಕುಡಿಯುವ ನೀರಿನ ಡ್ರಮ್ಮಿನಲ್ಲಿ ಅದ್ದಿ ಫೋರ್ಕಿಗೆ ಸುತ್ತಿದರು. ಸಂಘದವರು ಹಾ ಹಾ ಎನ್ನುವುದರೊಳಗೆ ಕೆಲಸ ಮುಗಿದಿತ್ತು. ಅಂದಿನಿಂದ ಆ ಶಾಲು ಫೋರ್ಕಿಗೇ ಮೀಸಲು.

ಊಟಕ್ಕೆ ಬೇವಿನ ನೆರಳಿಗೆ ಕುಳಿತಾಗ ಖಾಲಾರನ್ನು ಮೆಲ್ಲಗೆ ಕೇಳಿದೆ. "ಪಂಪು ಚೀಲದಾಗೇ ಇಟ್ಟುಕೊಂಡು ಸುಮ್ನ ಕೂತಿದ್ರ ಗಾಡಿ ಇವತ್ತೇ ಹೋಗ್ತಿತ್ತಲ್ರಿ ಖಾಲಾ. ನಿಮಗೂ ಅದೇ ಬೇಕಿತ್ತು."

ಅವರು ರೊಟ್ಟಿ ಮುರಿಯುವುದು ನಿಲ್ಲಿಸಿ ನನ್ನನ್ನು ನೋಡಿದರು. "ಗಾಡಿ ಹೋಗ್ಲಿ ಅಂತ ಮನಷ್ಯಾನ್ನ ಬೀಳಸಾಕ ಆಗ್ತದೇನ್ರಿ?" ಎಂದು, ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಶೇಂಗಾ ಹಿಂಡಿ ಹಾಕಿದರು.

ಆಮೇಲೆಯೂ ಹಲವು ವರ್ಷ ಸೇಠರು ಐತವಾರ ತಪ್ಪಿಸಲಿಲ್ಲ. ನನಗೆ ಅಫಜಲಪುರಕ್ಕೆ ವರ್ಗವಾಯಿತು. ಸೊನ್ನದ ಬ್ಯಾರೇಜಿನ ಕಡೆಯ ಹಳ್ಳಿಗಳಲ್ಲಿ ತಿರುಗಾಟ, ಆಳಂದ ದೂರವಾಯಿತು. ಈದಿನ ಮರುದಿನ ಮಾತ್ರ ಫೋನು ತಪ್ಪುತ್ತಿರಲಿಲ್ಲ. "ನಿಮ್ಮ ಜಾಗಾಕ್ಕ ಬಂದ ಡಾಕ್ಟರ್ ಕಾಟಾ ಹತ್ತಗೊಡವಲ್ಲ ನೋಡ್ರಿ. ಆಡಿನ ಇಜ್ಜತ್ ನಮಗಿಲ್ಲ," ಎಂದು ದೂರುವರು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹವಾ ನೋಡಿ, ಚಹಾ ಕುಡಿದು, ಅಂಗಡಿಗೆ ಹೋಗುವ ಮೊದಲು ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋದಾಗ ನಾನು ಅತ್ತೆ. ಅಷ್ಟು ನಗಿಸಿದ ಮನುಷ್ಯನಿಗಾಗಿ ಅಷ್ಟು ಅಳುವುದು ನನಗೇ ವಿಚಿತ್ರವೆನಿಸಿತು.

ಈ ಬೇಸಿಗೆಯಲ್ಲಿ ಖಾಲಾರ ಫೋನು ಬಂತು. "ಐತವಾರ ಬರ್ರಿ. ಬಿಸಲು ಏರೋದಕ್ಕ ಮೊದ್ಲ ಬರ್ರಿ." ಬೈಕು ಮಾರುವ ವಿಚಾರವಿರಬೇಕು, ಯಾರಾದರೂ ಒಳ್ಳೆಯವರ ಕೈಗೆ ಹೋಗಲಿ ಎಂದು ನನ್ನನ್ನು ಕರೆದಿರಬೇಕು ಎಂದುಕೊಂಡು, ಕತ್ತಲಿರುವಾಗಲೇ ಹೊರಟು ಬೆಳಗಾಗುವ ಹೊತ್ತಿಗೆ ಆಳಂದ ಮುಟ್ಟಿದೆ.

ಖಾಲಾ ಹಿತ್ತಲಿನ ಶೆಡ್ಡಿನಲ್ಲಿದ್ದರು. ಬೈಕು ಸ್ಟೂಲಿನ ಮೇಲೆ ಏರಿತ್ತು. ಧೂಳಿನ ಗುರುತಿಲ್ಲ. ಫೋರ್ಕಿಗೆ ಸುತ್ತಿದ ಜೇವರ್ಗಿಯ ಶಾಲು ಇನ್ನೂ ಒದ್ದೆ ಇತ್ತು. ಖಾಲಾ ಶಾಲು ಬಿಚ್ಚಿ, ಪಂಪು ಸಿಕ್ಕಿಸಿ, ಕನ್ನಡಕ ಮೂಗಿನ ಮೇಲೆ ಸರಿಸಿ ಮುಳ್ಳು ನೋಡಿ, ಒಂದಿಷ್ಟು ಒತ್ತಿದರು. ಮುಳ್ಳು ಸೇಠರ ಅಂಕಿಗೆ ಬಂದು ನಿಂತಿತು.

"ದಿನಾ ನೋಡ್ತೀರೇನು ಖಾಲಾ?"

"ನೋಡ್ಲಿಲ್ಲಂದ್ರ ಇಳೀತದಲ್ರಿ. ಇದು ನೋಡಿ ಆಮ್ಯಾಲ ಚಾ."

ನನ್ನ ಹಳೆಯ ಪಕ್ಷ ಬಾಯಿಗೆ ಬಂತು. ಈ ಫೋರ್ಕಿನ ಒಳಗೆ ಸ್ಪ್ರಿಂಗ್ ಕೂಡಿಸುವ ಸಾಮಾನು ಸಿಗುತ್ತದೆ, ಸೋಲಾಪುರದ ಮಿಸ್ತ್ರಿಗೆ ಹೇಳಿದರೆ ಮಾಡಿಕೊಡುತ್ತಾರೆ, ಒಮ್ಮೆ ಹಾಕಿಸಿದರೆ ಈ ದಿನದ ಕಾಟ ತಪ್ಪುತ್ತದೆ ಎಂದೆಲ್ಲ ಹೇಳಿದೆ. ಖಾಲಾ ಪೂರ್ತಿ ಕೇಳಿಸಿಕೊಂಡರು.

"ಆಮ್ಯಾಲ ನಾ ಮುಂಜಾನಿ ಎದ್ದು ಏನ್ ಮಾಡ್ಲಿ?" ಎಂದರು.

ನಾನು ಮಿಸ್ತ್ರಿಯ ಮಾತು ಅಲ್ಲಿಗೇ ಬಿಟ್ಟೆ. ಶೆಡ್ಡಿನ ಪತ್ರಾಸಿನ ಮೇಲೆ ಗುಬ್ಬಿಗಳು ಗದ್ದಲ ಮಾಡುತ್ತಿದ್ದವು.

"ಮಾರಾಕ ಕರದಿಲ್ರಿ ನಿಮಗ," ಎಂದು ಅವರೇ ಮುಂದುವರಿಸಿದರು. "ಬಿದ್ರ ಮಾರೋದು ಅಂತ ಮಾತಿತ್ತು. ನಿಮ್ಮ ಸೇಠಜಿ ಕಡೀತನಾ ಬೀಳ್ಲಿಲ್ಲ. ಹ್ಯಾಂಗ ಮಾರ್ಲಿ? ಆದ್ರ ಸುಮ್ನ ನಿಂತ್ರ ಗಾಡಿ ಕೆಡ್ತದ. ಗಾಡಿ ಇಲ್ಲೇ ಇರ್ಲಿ, ಹವಾ ನಾ ನೋಡ್ಕೋತೇನಿ. ನೀವು ಐತವಾರ ಬಂದು ಹೊಡೀರಿ. ಒಮ್ಮೆ ಹೊಡದು ನೋಡ್ರಿ ಅಂತ ಅವರು ಎಷ್ಟ್ ಸಲ ಅಂದಿದ್ರು, ನೀವೇ ಒಲ್ಲೆ ಅಂತಿದ್ರಿ."

ಹೌದು ಎಂದು ತಲೆಯಾಡಿಸಿದೆ. ಖಾಲಾ ಪಂಪು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ತೂಕ ಎಷ್ಟ್ರಿ ನಿಮ್ದು?"

ಊರಿಗೆಲ್ಲ ಆ ಪ್ರಶ್ನೆ ಕೇಳಿದವರನ್ನು ತಡೆದು ನನ್ನನ್ನು ಉಳಿಸಿದ್ದ ಖಾಲಾರೇ ಕೇಳುತ್ತಿದ್ದಾರೆ. ಅಳು ನಗು ಎರಡೂ ಒಟ್ಟಿಗೇ ಬಂದವು. ಒಂದು ಅಂಕಿ ಹೇಳಿದೆ. ಅವರು ನಂಬಲಿಲ್ಲ.

"ಖರೇ ಹೇಳ್ರಿ. ಹವಾದ ಮುಂದ ಸುಳ್ಳು ನಡ್ಯಂಗಿಲ್ಲ."

ಖರೆ ಹೇಳಿದೆ. ಖಾಲಾ ಕಣ್ಣು ಅರ್ಧ ಮುಚ್ಚಿ, ಥೇಟು ಸೇಠರ ಹಾಗೆಯೇ, ಲೆಕ್ಕ ಹಾಕಿದರು. ಹವಾ ಬಿಡುವ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಲಿಲ್ಲ. ಅಷ್ಟು ತಿಂಗಳು ದಿನಾ ಸೇಠರ ತೂಕಕ್ಕೆ ಕಾಯ್ದುಕೊಂಡು ಬಂದ ಹವಾ ಅದು. ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಒತ್ತಿದರು. ಸೇಠರು ನನಗಿಂತ ಬಹಳ ಭಾರ. ಸೊಂಯ್ ಎಂದು ಬಹಳ ಹೊತ್ತು ಹೋಯಿತು. ಖಾಲಾ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಅಂಕಿಗೆ ಬಂದಾಗ ಬೆರಳು ಎತ್ತಿ, ಪಂಪು ಬಿಚ್ಚಿ, ಸೆರಗಿನಿಂದ ಮೊದಲು ವಾಲ್ವನ್ನೂ ಆಮೇಲೆ ಕನ್ನಡಕವನ್ನೂ ಒರೆಸಿದರು.

ನಾನು ಹೆಲ್ಮೆಟ್ಟು ಹಾಕಿಕೊಂಡೆ. ಹೊರಗೆ ಟಂಟಂ ಗಾಡಿ ಬಂದು ನಿಂತಿತ್ತು. ಖಾಲಾ ಶಾಲನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಫೋರ್ಕಿಗೆ ಸುತ್ತಿ ಗಂಟು ಹಾಕಿದರು.

"ಬಿಸಲು ಏರೋದ್ರಾಗ ತಿರುಗಿ ಬರ್ರಿ," ಎಂದರು. "ಮತ್ತ ನಿಮಗೂ ಹೇಳ್ತೇನಿ, ಒಮ್ಮೆ ಬಿದ್ರ ಗಾಡಿ ಮಾರೋದು. ಕಸಂ ತಿನ್ರಿ."

ಕೈ ಎತ್ತಿ ಕಸಂ ತಿಂದೆ.